ಪಕ್ಕದ ಮನೆಗೆ ಕಳ್ಳರು ಬಂದು ಹೋದ ಮೇಲೆ ನಮ್ಮ ಬೀದಿಗೇ ನಿದ್ದೆ ಇಲ್ಲ, ಏನು ಮಾಡೋಣ?

ಪ್ರಶ್ನೆ: ದಾವಣಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ದಾವಣಗೆರೆ ಊರ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಎಂಟು ವರ್ಷದ ಹಿಂದೆ ಇಲ್ಲಿ ಭತ್ತದ ಗದ್ದೆ ಇತ್ತು, ಈಗ 62 ಮನೆ. ನಡುನಡುವೆ ಖಾಲಿ ಸೈಟು, ಸೈಟಿನ ತುಂಬ ಆಳೆತ್ತರದ ಕಾಂಗ್ರೆಸ್ ಗಿಡ. ಹಿಂದುಗಡೆ ಭದ್ರಾ ನಾಲೆಯ ಏರಿ. ಬೀದಿ ದೀಪ ಮೂರು ಕಂಬಕ್ಕೆ ಒಂದು ಉರಿಯುತ್ತದೆ, ಅದೂ ಅದಕ್ಕೆ ಮನಸ್ಸು ಬಂದಾಗ.

ಹೋದ ತಿಂಗಳು ಪಕ್ಕದ ಮನೆಯವರು ಮದುವೆಗೆ ಅಂತ ಹಾವೇರಿಗೆ ಹೋಗಿದ್ದರು. ಎರಡೇ ರಾತ್ರಿ. ವರಾಂಡದ ಲೈಟು ಹಾಕಿಟ್ಟು, ಗೇಟಿಗೆ ಮುಷ್ಟಿಯಷ್ಟು ದೊಡ್ಡ ಬೀಗ ಜಡಿದು ಹೋದರು. ಮೂರನೇ ದಿನ ಬೆಳಿಗ್ಗೆ ಹಾಲಿನವನು ನನ್ನನ್ನು ಕೂಗಿದ: "ಟೀಚರ್, ಆ ಮನೆ ಬಾಗಿಲು ತೆಗೆದಿದೆ, ಅವರು ಬಂದ್ರಾ?" ಗೇಟಿನ ಬೀಗ ಹಾಕಿದ್ದ ಹಾಗೇ ಇತ್ತು. ಕಾಂಪೌಂಡ್ ಹಾರಿ ಬಂದು ಮುಂಬಾಗಿಲಿಗೆ ರಾಡು ಹಾಕಿ ಮೀಟಿದ್ದರು. ತೇಗದ ಬಾಗಿಲು, ಅದಕ್ಕೇನೂ ಆಗಿರಲಿಲ್ಲ. ಚೌಕಟ್ಟೇ ಸೀಳಿಕೊಂಡು ಬಂದಿತ್ತು.

ಒಳಗೆ ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ. ದೇವರ ಮನೆಯಲ್ಲಿ ಬೆಳ್ಳಿ ದೀಪ ಇಲ್ಲ, ಹಿತ್ತಾಳೆ ದೀಪ ಇದೆ. ಅಡುಗೆಮನೆಗೆ ಹೋದರೆ ಅಕ್ಕಿ, ತೊಗರಿಬೇಳೆ, ರವೆ ಎಲ್ಲ ಡಬ್ಬಿಯನ್ನೂ ನೆಲಕ್ಕೆ ಸುರಿದಿದ್ದಾರೆ. ನಾವು ಬಂಗಾರವನ್ನು ಅಕ್ಕಿಯೊಳಗೆ ಇಡುತ್ತೇವೆ ಅಂತ ಅವರಿಗೂ ಗೊತ್ತಲ್ಲ. ಅಕ್ಕಿ ಮೇಲೆ ಬೂಟಿನ ಗುರುತು ಅಚ್ಚೊತ್ತಿದ ಹಾಗಿತ್ತು. 38 ಗ್ರಾಂ ಬಂಗಾರ ಹೋಗಿದೆ ಅಂದಾಗ ಸುಮ್ಮನೆ ಕೂತಿದ್ದ ಆ ಮನೆ ಅಜ್ಜಿ, ಅಕ್ಕಿ ನೋಡಿ "ಅನ್ನ ತುಳಿದಿದ್ದಾರಲ್ಲೇ" ಅಂತ ಅತ್ತುಬಿಟ್ಟರು.

ಅವತ್ತೇ ಪೊಲೀಸರು ಬಂದರು. ನಾಯಿ ನಾಲೆ ಏರಿಯವರೆಗೆ ಓಡಿ ಅಲ್ಲಿ ಕೂತಿತು. ಬೆರಳಚ್ಚಿನವರು ಬೀರುವಿಗೆ ಪುಡಿ ಹಚ್ಚಿದರು. ಆದರೆ ಕಂಪ್ಲೇಂಟ್ ಬರೆದುಕೊಳ್ಳುವ ಕಡೆ ಮಾತ್ರ ಮೂರು ದಿನ "ಬಂಗಾರದ ಬಿಲ್ಲು ತನ್ನಿ", "ಸಾಹೇಬ್ರು ಇಲ್ಲ", "ನಾಳೆ ಬನ್ನಿ". ನಾವು ಚಿಕ್ಕವರಿದ್ದಾಗ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು, ನೆನಪಿದೆಯಾ? ಈಗ ನಮಗೇ ಹಾಗೆ ಹೇಳಿದ ಹಾಗಾಯಿತು. ನಾಲ್ಕನೇ ದಿನ ಎಫ್‌ಐಆರ್ ಆಯಿತು.

ನನ್ನ ಪ್ರಶ್ನೆ ಇರುವುದು ಇದರ ನಂತರದ್ದು. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಈಗ ಜ್ವರ ಬಂದಿದೆ. ರಾತ್ರಿ ಹನ್ನೆರಡಕ್ಕೆ "ಯಾರೋ ಓಡಿದ ಸದ್ದು", ಒಂದಕ್ಕೆ "ಚಡ್ಡಿ ಗ್ಯಾಂಗ್ ಊರಿಗೆ ಬಂದಿದೆ". ಒಬ್ಬರು ಮನೆಗೆ 3,000 ಹಾಕಿ ಕ್ಯಾಮೆರಾ ಹಾಕಿಸೋಣ ಅಂತಾರೆ, ಇನ್ನೊಬ್ಬರು ಗೂರ್ಖಾ ಇಡೋಣ ಅಂತಾರೆ. ದುಡ್ಡು ಅಂದ ತಕ್ಷಣ ಅರ್ಧ ಜನ ಮಾಯ.

ಹೋದ ಶನಿವಾರ ಇನ್ನೊಂದು ಆಯಿತು. ಮೊಪೆಡ್ ಮೇಲೆ ಚಾಪೆ, ಜಮಖಾನ, ಬೆಡ್‌ಶೀಟ್ ಹೇರಿಕೊಂಡು ಮಾರುವ ಒಬ್ಬರು ಬೀದಿಗೆ ಬಂದಿದ್ದಾರೆ. ಯಾರೋ ಫೋಟೊ ತೆಗೆದು "ಇವನು ಮನೆಗಳನ್ನು ನೋಡ್ಕೊಂಡು ಹೋಗ್ತಿದ್ದಾನೆ" ಅಂತ ಗ್ರೂಪಿಗೆ ಹಾಕಿದ್ದಾರೆ. ಹತ್ತು ನಿಮಿಷಕ್ಕೆ ಹುಡುಗರು ಸೇರಿ ಮೊಪೆಡ್ ಕೀ ಕಿತ್ತುಕೊಂಡು, ಆಧಾರ್ ಕೇಳಿ, ಗಣಪತಿ ಗುಡಿ ಕಟ್ಟೆ ಮೇಲೆ ಕೂರಿಸಿದ್ದಾರೆ. ಶನಿವಾರ ಬೆಳಗಿನ ಶಾಲೆ. ನಾನು ಹನ್ನೆರಡಕ್ಕೆ ವಾಪಸ್ ಬಂದಾಗ ಅವರು ಎರಡು ತಾಸಿನಿಂದ ಅಲ್ಲೇ ಕೂತಿದ್ದರು. ಯಾರೂ ಹೊಡೆದಿರಲಿಲ್ಲ. ಆದರೆ ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಇತ್ತು. ಆ ಚಾಪೆಯವರು ಈ ಬೀದಿಗೆ ಬರಲು ಶುರುಮಾಡಿ ಐದಾರು ವರ್ಷ ಆಯಿತು, ನನಗೆ ಗೊತ್ತಿರುವವರೇ. ನಾನು ಹೇಳಿದ ಮೇಲೆ ಕೀ ಕೊಟ್ಟರು.

ಬೀದಿ ಕಾಯುವುದು ಹೇಗೆ? ಪೊಲೀಸರಿಂದ ಏನು ಕೇಳಬಹುದು, ಏನು ಕೇಳಬಾರದು? ಈ ಹುಡುಗರಿಗೆ ಏನು ಹೇಳಲಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಉತ್ತರ: ಶಿವಮೊಗ್ಗ ಕ್ಯಾಮೆರಾ ಸಂತ್ರಸ್ತ

ಟೀಚರ್, ಕ್ಯಾಮೆರಾಗೆ ದುಡ್ಡು ಹಾಕುವ ಮುಂಚೆ ನಮ್ಮ ಕಥೆ ಕೇಳಿ. ನಾವು ನಾಲ್ಕು ಹಾಕಿಸಿದೆವು. ಒಂದು ಹೊಂಗೆ ಮರ ನೋಡುತ್ತಾ ನಿಂತಿದೆ. ಹಾಕುವಾಗ ಚಳಿಗಾಲ, ಎಲೆ ಉದುರಿತ್ತು, ಯಾರಿಗೂ ಹೊಳೆಯಲಿಲ್ಲ. ಇನ್ನೊಂದರ ಮುಂದೆ ಜೇಡ ಬಲೆ ಕಟ್ಟಿ ರಾತ್ರಿಯೆಲ್ಲ ಬಿಳಿ ಪರದೆ. ಬೈಕ್ ಕಳ್ಳತನ ಆದಾಗ ತೆಗೆದು ನೋಡಿದರೆ ಬೈಕ್ ಕಾಣುತ್ತೆ, ಹೆಲ್ಮೆಟ್ ಕಾಣುತ್ತೆ, ನಂಬರ್ ಪ್ಲೇಟ್ ಜಾಗದಲ್ಲಿ ಹೆಡ್‌ಲೈಟಿನ ಬೆಳಕು. ಅದೂ ಬೇಗ ನೋಡಿದ್ದಕ್ಕೆ ಅಷ್ಟಾದರೂ ಸಿಕ್ಕಿತು, ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯಲ್ಲಿ 15 ದಿನದ್ದು ಮಾತ್ರ ಉಳಿಯುತ್ತಿತ್ತು.

ಬೇಡ ಅಂತ ಹೇಳುತ್ತಿಲ್ಲ. ಬಡಾವಣೆಗೆ ಬರುವ, ಹೋಗುವ ದಾರಿ ಎಷ್ಟಿದೆ ಎಣಿಸಿ. ಎರಡೇ ದಾರಿ ಇದ್ದರೆ ಎರಡೇ ಒಳ್ಳೆ ಕ್ಯಾಮೆರಾ ಸಾಕು, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಮುಖಕ್ಕೆ ನೇರ. ಕರೆಂಟು ಹೋದರೂ ನಡೆಯುವ ಹಾಗೆ ಯುಪಿಎಸ್ ಇರಲಿ. ಡಿವಿಆರ್ ಯಾರ ಮನೆಯಲ್ಲಿ ಇಡೋದು ಅಂತ ಮೊದಲೇ ತೀರ್ಮಾನ ಮಾಡಿ. ನಮ್ಮಲ್ಲಿ ಅದಕ್ಕೇ ಎರಡು ಮನೆಯವರು ಮಾತು ಬಿಟ್ಟಿದ್ದಾರೆ. "ನನ್ನ ಮಗಳು ಎಷ್ಟು ಗಂಟೆಗೆ ಬಂದಳು ಅಂತ ನೀವ್ಯಾಕೆ ನೋಡಿದ್ರಿ" ಅಂತ ಶುರುವಾದ ಜಗಳ.

ಉತ್ತರ: ನಿವೃತ್ತ ಎಎಸ್‌ಐ

ಮೇಡಂ, ನಾನು ಪೇದೆಯಾಗಿ ಸೇರಿ ಎಎಸ್‌ಐ ಆಗಿ ಮನೆಗೆ ಬಂದವನು. ಸೇರಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅಂದರೆ 1997ಕ್ಕೂ ಮುಂಚೆ, ಲೆಕ್ಕ ಹಾಕಿಕೊಳ್ಳಿ.

ಮೊದಲು ಮೂರು ದಿನ ಓಡಾಡಿಸಿದ್ದಕ್ಕೆ. ನನ್ನ ಇಲಾಖೆ ಅಂತ ಸಮರ್ಥನೆ ಮಾಡಲ್ಲ. ಬಿಲ್ಲು ಇಲ್ಲ ಅಂತ ಎಫ್‌ಐಆರ್ ನಿಲ್ಲಿಸುವ ಹಾಗೇ ಇಲ್ಲ. ಬಿಲ್ಲು ಬೇಕಾಗುವುದು ಮಾಲು ಸಿಕ್ಕಾಗ. ಯಾಕೆ ಹಾಗೆ ಮಾಡುತ್ತಾರೆ ಗೊತ್ತಾ? ಕೇಸು ಬರೆದರೆ ಠಾಣೆ ಲೆಕ್ಕಕ್ಕೆ ಒಂದು "ಕನ್ನ ಕಳವು ರಾತ್ರಿ" ಏರುತ್ತದೆ. ಪತ್ತೆ ಆಗದಿದ್ದರೆ ಪ್ರತಿ ತಿಂಗಳ ಕ್ರೈಂ ಮೀಟಿಂಗಿನಲ್ಲಿ ಇನ್ಸ್‌ಪೆಕ್ಟರ್ ನಿಂತುಕೊಂಡು ಬೈಸಿಕೊಳ್ಳಬೇಕು. ಅಲ್ಲಿ ಬಿದ್ದ ಬೈಗುಳ ಕೆಳಗೆ ಇಳಿದು ಬಂದು, ದೂರು ಬರೆದುಕೊಳ್ಳುವ ರೈಟರ್ ಬಾಯಲ್ಲಿ "ನಾಳೆ ಬನ್ನಿ" ಆಗುತ್ತೆ.

ಈಗ ನಿಮ್ಮ ಪಕ್ಕದ ಮನೆ. ಎರಡು ತಪ್ಪು ನೀವೇ ಬರೆದಿದ್ದೀರಿ. ಒಂದು, ಗೇಟಿಗೆ ಹೊರಗಿನಿಂದ ಬೀಗ. ಅದು ಬೀಗ ಅಲ್ಲ, ಬೋರ್ಡು. ಎರಡು, ವರಾಂಡದ ಲೈಟು. ರಾತ್ರಿ ಉರಿದರೆ ಸರಿ. ಬೆಳಿಗ್ಗೆ ಹತ್ತಕ್ಕೂ ಉರಿಯುತ್ತಿದ್ದರೆ ಮನೆಯಲ್ಲಿ ಜನ ಇಲ್ಲ ಅಂತ ಡಂಗುರ ಹೊಡೆದ ಹಾಗೆ.

ಮೂರನೆಯದನ್ನು ನೀವು ಬರೆದಿಲ್ಲ, ನಾನು ಕೇಳುತ್ತೇನೆ. ಆ ಎರಡು ದಿನ ಬೆಳಿಗ್ಗೆ ಅವರ ಬಾಗಿಲ ಮುಂದೆ ರಂಗೋಲಿ ಇತ್ತಾ? ಒಮ್ಮೆ ಹನ್ನೊಂದು ಮನೆ ಕನ್ನದ ಕೇಸಿನಲ್ಲಿ ಒಬ್ಬ ಹುಡುಗನನ್ನು ಹಿಡಿದು ತಂದಿದ್ದೆವು. ಇಪ್ಪತ್ತೆರಡು ವರ್ಷ ಇರಬೇಕು. ಟೀ ಕೊಟ್ಟು ಕೇಳಿದೆ, ಖಾಲಿ ಮನೆ ಅಂತ ಹೇಗೆ ಗೊತ್ತಾಗುತ್ತೋ ಮಾರಾಯ ಅಂತ. "ಬೆಳಿಗ್ಗೆ ಏಳಕ್ಕೆ ಬೀದೀಲಿ ಒಂದು ರೌಂಡ್ ಹೋದ್ರೆ ಸಾಕು ಸಾರ್. ಎಲ್ಲರ ಬಾಗಿಲೂ ತೊಳೆದಿರುತ್ತೆ. ಒಂದು ಬಾಗಿಲಲ್ಲಿ ನಿನ್ನೆ ರಂಗೋಲಿ ಮಾಸಿರುತ್ತೆ" ಅಂದ. ನಾನು ಅಷ್ಟು ವರ್ಷ ಸರ್ವಿಸ್ ಮಾಡಿದ್ದೆ, ಮೇಡಂ. ಅದು ನನಗೆ ಹೊಳೆದಿರಲಿಲ್ಲ. ಆಮೇಲೆ ನನ್ನ ಹೆಂಡತಿ ತವರಿಗೆ ಹೋದಾಗಲೆಲ್ಲ ನಾನೇ ನೀರು ಚಿಮುಕಿಸಿ ಎರಡು ಗೆರೆ ಎಳೆಯುತ್ತಿದ್ದೆ. ಬೀದಿಯವರು ನಗುತ್ತಿದ್ದರು.

ಬೀಟ್ ವಿಷಯ, ಅಂದರೆ ಪೇದೆ ಗಸ್ತು ತಿರುಗುವ ಪ್ರದೇಶ. ನಾವಿದ್ದಾಗ ರಾತ್ರಿ ಗಸ್ತು ಅಂದರೆ ಪಾಯಿಂಟ್ ಪುಸ್ತಕ. ಬ್ಯಾಂಕಿನ ಗೋಡೆಗೋ ಗುಡಿ ಕಂಬಕ್ಕೋ ನೇತುಹಾಕಿದ್ದ ಪುಸ್ತಕಕ್ಕೆ ಟೈಮು ಬರೆದು ಸಹಿ ಹಾಕಬೇಕು. ಒಂದೇ ಸಲ ಹೋಗಿ ಎರಡು ಮತ್ತು ನಾಲ್ಕು ಗಂಟೆ ಎರಡಕ್ಕೂ ಸಹಿ ಹಾಕಿದವರು ಇದ್ದರು, ನಾನು ಇರಲಿಲ್ಲ ಅಂತ ಹೇಳಲ್ಲ. ಈಗ ಸುಬಾಹು ಅಂತ ಇ-ಬೀಟ್ ಆ್ಯಪ್ ಬಂದಿದೆ. ಜಾಗಕ್ಕೇ ಹೋಗಿ ಫೋನಿನಲ್ಲಿ ದಾಖಲು ಮಾಡಬೇಕು, ಮನೆಯಲ್ಲಿ ಕೂತು ಆಗಲ್ಲ. 2017ರಲ್ಲಿ ಬೀಟ್ ವ್ಯವಸ್ಥೆಯನ್ನೇ ಬದಲಾಯಿಸಿ ಪೇದೆ, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ತಲಾ ಒಂದೊಂದು ಪ್ರದೇಶ ವಹಿಸಿದರು, ಜೊತೆಗೆ ಆ ಬೀದಿಯ ನಾಗರಿಕರೂ ಇರಬೇಕು ಅಂದರು. 2025ರ ಜುಲೈನಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾಯಿತು. ಬೀಟ್‌ನವರೇ ಮನೆಗೆ ಬಂದು ಏನು ತೊಂದರೆ ಅಂತ ಕೇಳಿ ಬರೆದುಕೊಳ್ಳಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಬಂದೋಬಸ್ತ್ ಅಂತ ಆ ಹುಡುಗನನ್ನು ಜಾತ್ರೆಗೆ, ಎಲೆಕ್ಷನ್‌ಗೆ, ಮಂತ್ರಿಗಳ ಕಾರ್ಯಕ್ರಮಕ್ಕೆ ಎಳೆಯುತ್ತಲೇ ಇರುತ್ತಾರೆ. ಅವನು ಬರಲಿ ಅಂತ ಕಾಯಬೇಡಿ. ಠಾಣೆಗೆ ಹೋಗಿ "ನಮ್ಮ ಬಡಾವಣೆಯ ಬೀಟ್ ಯಾರದು, ಹೆಸರು, ನಂಬರ್ ಕೊಡಿ" ಅಂತ ಕೇಳಿ. ಕೊಡಲೇಬೇಕು. ಒಂದು ಭಾನುವಾರ ಕರೆದು ಟೀ ಕೊಡಿ. ಕೆಟ್ಟ ಬೀದಿ ದೀಪ ಯಾವುದು, ನಾಲೆ ಏರಿಯಿಂದ ಇಳಿಯುವ ಕಾಲುದಾರಿ ಯಾವುದು, ಒಂಟಿ ಮುದುಕರು ಯಾವ ಮನೆಯಲ್ಲಿದ್ದಾರೆ, ಇಷ್ಟನ್ನು ಜೊತೆಯಲ್ಲಿ ನಡೆದು ತೋರಿಸಿ. ತೋರಿಸಿದ ಮನೆಯನ್ನು ಪೇದೆ ಮರೆಯಲ್ಲ. ಅರ್ಜಿಯಲ್ಲಿ ಬರೆದರೆ ಮರೆಯುತ್ತಾನೆ.

ಹೊರಗಿನವರೇ ಕಳ್ಳರು ಅನ್ನುವುದಕ್ಕೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಎಸ್‌ಬಿಐ ಶಾಖೆಯ ಕಿಟಕಿ ಸರಳು ಕತ್ತರಿಸಿ 17.7 ಕೆಜಿ ಬಂಗಾರ ಹೊತ್ತೊಯ್ದರಲ್ಲ. ಸಿಸಿಟಿವಿ ಡಿವಿಆರ್ ಕೂಡ ಬಿಡಲಿಲ್ಲ, ಮೇಲಿನ ಶಿವಮೊಗ್ಗದವರು ಗಮನಿಸಿ. ಮರುವರ್ಷ ಮಾರ್ಚ್‌ನಲ್ಲಿ ಬಂಗಾರ ಸಿಕ್ಕಿದ್ದು ತಮಿಳುನಾಡಿನ ಮಧುರೆ ಕಡೆಯ ಒಂದು ಬಾವಿಯಲ್ಲಿ. ಊರೆಲ್ಲ ಉತ್ತರ ಭಾರತದ ಗ್ಯಾಂಗು ಅಂತಿತ್ತು. ಬಂಧಿಸಿದವರಲ್ಲಿ ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ಇಟ್ಟುಕೊಂಡಿದ್ದವರು ಇದ್ದರು.

ಗೂರ್ಖಾ ಇಡಿ, ತಪ್ಪಲ್ಲ. ಸೀಟಿ ಊದಿದರೆ ಕಳ್ಳನಿಗೆ ಅವನೆಲ್ಲಿದ್ದಾನೆ ಅಂತ ಗೊತ್ತಾಗುತ್ತೆ ಅಂತ ತಮಾಷೆ ಮಾಡುತ್ತಾರೆ. ಆದರೆ ಅವನಿಗೆ ಯಾವ ಮನೆ ಕಾರು ಯಾವಾಗ ಬರುತ್ತೆ ಗೊತ್ತಿರುತ್ತೆ. ಇಡುವ ಮುಂಚೆ ಠಾಣೆಗೆ ಅವನ ವಿಳಾಸ, ಫೋಟೊ ಕೊಡಿ, ಅಷ್ಟೇ.

ಬಂಗಾರ ಇದ್ದವರು ಇವತ್ತೇ ಒಂದು ಕೆಲಸ ಮಾಡಿ. ಪ್ರತಿ ಒಡವೆಯನ್ನೂ ನೋಟ್‌ಬುಕ್ ಹಾಳೆ ಮೇಲಿಟ್ಟು, ಪಕ್ಕದಲ್ಲಿ ತೂಕ ಬರೆದು ಫೋಟೊ ತೆಗೆಯಿರಿ. ಮಾಲು ಸಿಕ್ಕಾಗ ಎಷ್ಟೋ ಸಲ ಕರಗಿಸಿ ಗಟ್ಟಿ ಮಾಡಿರುತ್ತಾರೆ. ಕರಗಿಸದೇ ಸಿಕ್ಕರೂ ಹತ್ತು ಮನೆಯ ಸರ ಒಂದೇ ಪೊಟ್ಟಣದಲ್ಲಿರುತ್ತೆ. "ಅದು ನಂದೇ ಸಾರ್, ಕೊಂಡಿ ಹತ್ರ ಬೆಸುಗೆ ಇದೆ" ಅಂತ ಒಬ್ಬರು ಅಳುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರೂ ಅದೇ ಹೇಳುತ್ತಾರೆ.

ಉತ್ತರ: ಕರಿಕೋಟು

ಎಎಸ್‌ಐ ಸಾಹೇಬರು ಹೇಳಿದ್ದು ಸರಿ. ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

2024ರ ಜುಲೈ 1ರಿಂದ ಹೊಸ ಕಾನೂನು. ದೂರು, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಬಿಎನ್‌ಎಸ್‌ಎಸ್ ಕಲಂ 173ರ ಪ್ರಕಾರ ಯಾವ ಠಾಣೆಗೆ ಬೇಕಾದರೂ ದೂರು ಕೊಡಬಹುದು, ಅವರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇ-ಮೇಲ್ ಥರ ಕಳಿಸಿದರೂ ನಡೆಯುತ್ತೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ದೂರು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಅರ್ಜಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅನ್ನುವುದೂ ಈಗ ಕಾನೂನಿನಲ್ಲೇ ಇದೆ. ಪಕ್ಕದ ಮನೆಯವರಿಗೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ.

ಎಫ್‌ಐಆರ್‌ನಲ್ಲಿ ಕಲಂ ಏನು ಹಾಕಿದ್ದಾರೆ ನೋಡಿ. ಮನೆಯೊಳಗಿನ ಕಳವಿಗೆ ಬಿಎನ್‌ಎಸ್ (ಅಪರಾಧ, ಶಿಕ್ಷೆ ಹೇಳುವ ಹೊಸ ಕಾನೂನು) 305, ಬಾಗಿಲು ಮೀಟಿ ನುಗ್ಗಿದ್ದಕ್ಕೆ ರಾತ್ರಿಯಾದರೆ 331(4), ಹಗಲಾದರೆ 331(3). ಕಾನೂನಿಗೆ ರಾತ್ರಿ ಅಂದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ. ಕಳವಿಗೆ ಅಂತ ರಾತ್ರಿ ನುಗ್ಗಿದರೆ 14 ವರ್ಷದವರೆಗೆ ಶಿಕ್ಷೆ, ಹಗಲಾದರೆ 10. ಬರೀ "ಕಳ್ಳತನ" ಅಂತ 303 ಒಂದೇ ಇದ್ದರೆ ಕೇಳಿ.

ಇನ್ನು ನಿಮ್ಮ ಹುಡುಗರು. ಇದನ್ನು ಓದಿ ತೋರಿಸಿ. ಸಾಮಾನ್ಯ ಮನುಷ್ಯ ಇನ್ನೊಬ್ಬನನ್ನು ಹಿಡಿಯಬಹುದು, ಬಿಎನ್‌ಎಸ್‌ಎಸ್ 40ರಲ್ಲಿ ಅವಕಾಶ ಇದೆ. ಆದರೆ ಜಾಮೀನು ಸಿಗದ ಅಪರಾಧವನ್ನು ನಿಮ್ಮ ಕಣ್ಣೆದುರಿಗೇ ಮಾಡಿರಬೇಕು, ಇಲ್ಲವೇ ಅವನು ಘೋಷಿತ ಅಪರಾಧಿ ಆಗಿರಬೇಕು. ಹಿಡಿದರೂ ತಡ ಮಾಡದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಮನೆಗಳ ಕಡೆ ನೋಡುವುದು ಅಪರಾಧ ಅಲ್ಲ. ಚಾಪೆ ಮಾರುವವನು ಮನೆ ನೋಡದೆ ಆಕಾಶ ನೋಡುತ್ತಾನಾ? ಕೀ ಕಿತ್ತುಕೊಂಡು ಎರಡು ಗಂಟೆ ಕೂರಿಸಿದ್ದು ಬಿಎನ್‌ಎಸ್ 127, ಅಕ್ರಮ ಬಂಧನ. ಅವರು ಆ ಕಟ್ಟೆಯಿಂದ ಎದ್ದು ನೇರ ಠಾಣೆಗೆ ಹೋಗಿದ್ದರೆ ಕೇಸು ಬೀಳುತ್ತಿದ್ದುದು ನಿಮ್ಮ ಹುಡುಗರ ಮೇಲೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದವರು ಅದರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಬ್ಯಾಟು ಕೈಯಲ್ಲೇ ಇತ್ತು ಅಂದಿರಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿರಬೇಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತು. ಅಲ್ಲಿ ದಾರಿ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತುಹೋದ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು.

ಅನುಮಾನ ಬಂದರೆ 112. ಗ್ರೂಪಿಗೆ ಫೋಟೊ ಅಲ್ಲ.

ಉತ್ತರ: ಬೆಂಗಳೂರು ಹತ್ತನೇ ಮಹಡಿ

ಇದಕ್ಕೇ ನಾವು ಅಪಾರ್ಟ್‌ಮೆಂಟಿಗೆ ಬಂದಿದ್ದು. ಗೇಟಲ್ಲಿ ಸೆಕ್ಯೂರಿಟಿ, ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ಒಳಗೆ. ಟೆನ್ಷನ್ ಇಲ್ಲ.

ಉತ್ತರ: ಶಿವಮೊಗ್ಗ ಕ್ಯಾಮೆರಾ ಸಂತ್ರಸ್ತ

ಹತ್ತನೇ ಮಹಡಿಯವರೇ, ಪಕ್ಕದ ಫ್ಲಾಟಿನಲ್ಲಿ ಯಾರಿದ್ದಾರೆ, ಹೆಸರು ಹೇಳಿ ನೋಡೋಣ. ಸುಮ್ನೆ ಕೇಳಿದೆ.

ಉತ್ತರ: ದಾವಣಗೆರೆ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಏನೇನಾಯಿತು ಅಂತ ಹೇಳಿಬಿಡುತ್ತೇನೆ.

ಠಾಣೆಗೆ ನಾವು ಏಳು ಜನ ಹೆಂಗಸರು ಹೋಗಿ ಬೀಟ್ ನಂಬರ್ ಕೇಳಿದೆವು. ಈ ಸಲ ಕುರ್ಚಿ ಹಾಕಿದರು, ನಂಬರೂ ಕೊಟ್ಟರು. ಬೀಟ್ ಹುಡುಗ ಜಗಳೂರು ಕಡೆಯವನು, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು. ಭಾನುವಾರ ಬಂದ. ಎಎಸ್‌ಐ ಸಾಹೇಬರು ಹೇಳಿದ ಹಾಗೆ ನಾಲೆ ಏರಿಯವರೆಗೆ ನಡೆಸಿದೆವು. ಕಾಂಗ್ರೆಸ್ ಗಿಡದ ನಡುವೆ ಕಾಲುದಾರಿ ಸವೆದಿರುವುದನ್ನು ಮೊದಲು ನೋಡಿದ್ದು ಅವನೇ. ಇದು ದನದ ದಾರಿ ಅಲ್ಲ ಮೇಡಂ, ಸಗಣಿ ಎಲ್ಲೂ ಇಲ್ಲ ಅಂದ. ಆ ಸೈಟಿನ ಮಾಲೀಕರು ಎಲ್ಲೋ ದುಬೈನಲ್ಲಿದ್ದಾರಂತೆ. ನಾವೇ ಜೆಸಿಬಿ ಕರೆಸಿ ಗಿಡ ತೆಗೆಸಿದೆವು, ಮನೆಗೆ 120 ರೂಪಾಯಿ ಬಿತ್ತು. ಇದಕ್ಕೆ ಎಲ್ಲರೂ ಕೊಟ್ಟರು. ಆಶ್ಚರ್ಯ.

ಬಂಗಾರ ಸಿಕ್ಕಿಲ್ಲ. ಎಫ್‌ಐಆರ್‌ನಲ್ಲಿ 305, 331(4) ಎರಡೂ ಇದೆ, ನೋಡಿದೆ. ಅಜ್ಜಿ ಈಗ ಅಕ್ಕಿ ಡಬ್ಬಿಯನ್ನು ಅಟ್ಟದ ಮೇಲೆ ಇಡುತ್ತಾರೆ, ಒಳಗೆ ಏನೂ ಇಲ್ಲದಿದ್ದರೂ. ಕ್ಯಾಮೆರಾ ತೀರ್ಮಾನ ಇನ್ನೂ ಆಗಿಲ್ಲ. ಡಿವಿಆರ್ ಯಾರ ಮನೆಯಲ್ಲಿ ಅನ್ನುವಲ್ಲೇ ನಿಂತಿದೆ.

ಕರಿಕೋಟು ಸರ್ ಬರೆದದ್ದನ್ನು ಗ್ರೂಪಿಗೆ ಹಾಕಿದೆ. ಬ್ಯಾಟ್ ಹಿಡಿದಿದ್ದ ಹುಡುಗ ಮನೆಗೆ ಬಂದ. ಅವನು ಪಿಎಸ್‌ಐ ಪರೀಕ್ಷೆಗೇ ಓದುತ್ತಿರುವುದು. ಮಾತೇನೂ ಆಡಲಿಲ್ಲ, ನಮ್ಮ ಗೇಟಿನ ಸಡಿಲ ಚಿಲಕ ಸರಿಮಾಡಿ ಹೋದ.

ಮೊದಲನೇ ಪೋಸ್ಟಿನಲ್ಲಿ ಒಂದು ವಿಷಯ ಬರೆದಿರಲಿಲ್ಲ. ಆ ಚಾಪೆ ಮಾರುವವರು ಅವತ್ತು ಮನೆಗಳನ್ನು ನೋಡುತ್ತಾ ನಿಂತಿದ್ದು ನನ್ನ ಮನೆ ಹುಡುಕಿಕೊಂಡು. ದೀಪಾವಳಿಗೆ ಅವರ ಹತ್ತಿರ ಒಂದು ಜಮಖಾನ ಕಂತಿನಲ್ಲಿ ತಗೊಂಡಿದ್ದೆ, 300 ರೂಪಾಯಿ ಬಾಕಿ ಇತ್ತು. "ಶನಿವಾರ ಬನ್ನಿ, ಮಧ್ಯಾಹ್ನ ಮನೇಲಿರ್ತೀನಿ" ಅಂದವಳು ನಾನೇ. ನಡುವೆ ಮನೆಗೆ ಬಣ್ಣ ಹೊಡೆಸಿದ್ದೆವು, ಅವರಿಗೆ ಗುರುತು ಸಿಕ್ಕಿಲ್ಲ. ಕೀ ಕೊಡಿಸಿದಾಗ ಆ ಗಲಾಟೆಯಲ್ಲಿ ದುಡ್ಡಿನ ನೆನಪು ನನಗೂ ಆಗಲಿಲ್ಲ, ಅವರೂ ಕೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಹೋಗಿಬಿಟ್ಟರು. ಆಮೇಲೆ ಈ ಕಡೆ ಬಂದಿಲ್ಲ. ರಾಣೆಬೆನ್ನೂರು ಕಡೆಯವರು ಅಂತ ಬಿಟ್ಟರೆ ಬೇರೇನೂ ಗೊತ್ತಿಲ್ಲ, ಫೋನ್ ನಂಬರ್ ಯಾರ ಹತ್ತಿರವೂ ಇಲ್ಲ. ಹಳೇ ನೀಲಿ ಮೊಪೆಡ್, ಹಿಂದೆ ಚಾಪೆ ಸುರುಳಿಗೆ ಕೆಂಪು ಹಗ್ಗ ಕಟ್ಟಿರುತ್ತಾರೆ. ನಿಮ್ಮ ಬೀದಿಗೆ ಬಂದರೆ ಟೀಚರ್ ದುಡ್ಡು ಎತ್ತಿಟ್ಟಿದ್ದಾರೆ ಅಂತ ಹೇಳಿ.